ಮಜೂರಿಯ ಮಗ್ಗ, ಮಜೂರಿಯ ಆಟ

ಮಹಾಲಿಂಗಪುರದ ನೇಕಾರರ ಓಣಿಯಲ್ಲಿ ಮಾತಿಗಿಂತ ಮೊದಲು ಮಗ್ಗದ ಸದ್ದು ಕೇಳುತ್ತದೆ. ಇಲ್ಲೂ ಪಕ್ಕದ ರಬಕವಿ-ಬನಹಟ್ಟಿಯಲ್ಲೂ ಸೀರೆ ನೇಯುವ ಬಹಳಷ್ಟು ಮನೆಗಳು ಮಜೂರಿಯ ಮೇಲೆ ನಡೆಯುತ್ತವೆ. ನೂಲು ಸಾಹುಕಾರರದು, ಡಿಸೈನು ಅವರದು, ಸೀರೆ ಯಾವ ಪೇಟೆಗೆ ಹೋಗುತ್ತದೆಂಬುದೂ ಅವರಿಗೇ ಗೊತ್ತು. ನೇಕಾರನಿಗೆ ಸೀರೆಗಿಷ್ಟು ಎಂದು ಕೂಲಿ. ಬೆಂಗಳೂರಿನ ವಿಡಿಯೋಗೇಮ್ ಪರಂಪರೆಯನ್ನು ನೋಡುವಾಗಲೆಲ್ಲ ನನಗೆ ಈ ಓಣಿ ನೆನಪಾಗುತ್ತದೆ.

ಆ ಪರಂಪರೆಯ ಹಿರಿಯ ಮನೆ ಧ್ರುವ ಇಂಟರಾಕ್ಟಿವ್. 1997ರಲ್ಲಿ ರಾಜೇಶ್ ರಾವ್ ಅದನ್ನು ಕಟ್ಟಿದಾಗ ಈ ಕಸುಬು ಕಲಿಸುವವರೇ ನಮ್ಮಲ್ಲಿ ವಿರಳ. ಮುಂದೆ ‘ಫೋರ್ಜಾ’, ‘ಕ್ವಾಂಟಮ್ ಬ್ರೇಕ್’, ‘ಸೀ ಆಫ್ ಥೀವ್ಸ್’ನಂಥ ವಿದೇಶಿ ಆಟಗಳಿಗೆ ಅಲ್ಲಿನ ಕಲಾವಿದರ ಕೈ ಮಜೂರಿಯ ಮೇಲೆ ಸೇರಿತು.

ಆ ಕೈಕೆಲಸವನ್ನು ಹಗುರವಾಗಿ ಕಾಣಬಾರದು. ತೆರೆಯ ಮೇಲಿನ ಒಂದು ಕಾರೆಂದರೆ ಸಾವಿರಾರು ಸಣ್ಣ ತ್ರಿಕೋನಗಳ ಹೆಣಿಗೆ. ಹತ್ತಿರ ಬಂದಾಗ ದೀಪದ ಗಾಜಿನ ಗೆರೆಯೂ ಕಾಣಬೇಕು. ದೂರ ಸರಿದಾಗ ಅದೇ ಕಾರಿನ ಹಗುರ ರೂಪ ಅದರ ಜಾಗಕ್ಕೆ ಬರಬೇಕು, ಅದೂ ಆಡುವವನ ಕಣ್ಣಿಗೆ ಬೀಳದಂತೆ. ತಪ್ಪಿದರೆ ಯಂತ್ರ ತಡವರಿಸುತ್ತದೆ. ಅಂಚಿನ ಎಳೆ ಎಣಿಸಿ ನೇಯುವವರಿಗೆ ಈ ಶಿಸ್ತು ಅಪರಿಚಿತವಲ್ಲ. ಮಗ್ಗದ ತಲೆಯ ಮೇಲೆ ಕೂತ ಜಕಾರ್ಡಿನ ತೂತುಬಿದ್ದ ಕಾರ್ಡೇ ತಾನೆ, ಮುಂದೆ ಕಂಪ್ಯೂಟರಿಗೆ ಆದೇಶ ಕೊಡುವ ದಾರಿ ತೋರಿಸಿದ್ದು!

ಆದರೆ ಈ ಪರಂಪರೆ ಕೈ ಪಳಗಿಸಿದಷ್ಟು ಕಥೆ ಕಟ್ಟುವ ಧೈರ್ಯ ಬೆಳೆಸಲಿಲ್ಲ. ಆಟ ಸೋತರೂ ಕೂಲಿ ಬರುತ್ತದಲ್ಲ ಎನ್ನುವವರಿದ್ದಾರೆ. ಮನೆ ನಡೆಸುವವರ ಆ ಮಾತಿಗೆ ತೂಕವಿದೆ. ಆದರೂ ಧ್ರುವಕ್ಕೆ ಏನಾಯಿತು? ಅದನ್ನು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತ್ತು. 2018ರ ನವೆಂಬರಿನಲ್ಲಿ ಸ್ಟಾರ್‌ಬ್ರೀಜ್ ತಂದ ‘ವಾಕಿಂಗ್ ಡೆಡ್’ ಆಟ ನೆಲಕಚ್ಚಿತು. ಮರುತಿಂಗಳೇ ಕಂಪನಿ ರಕ್ಷಣೆ ಕೋರಿ ಕೋರ್ಟಿನ ಬಾಗಿಲಿಗೆ ಹೋಯಿತು. 2019ರಲ್ಲಿ ಧ್ರುವದಲ್ಲಿದ್ದ ತನ್ನ ಪಾಲನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಬಳಗಕ್ಕೆ ಮಾರಿತು. ಇಪ್ಪತ್ತೆರಡು ವರ್ಷದ ಬೆಂಗಳೂರಿನ ಮನೆ ಕೈಬದಲಾದದ್ದು ಯಾರದೋ ಊರಿನ ಆಟ ಸೋತದ್ದಕ್ಕೆ.

ಸ್ವಂತ ಆಟ ಕಟ್ಟಲು ಬೇಕಾದ ಯೂನಿಟಿ, ಅನ್‌ರಿಯಲ್‌ನಂಥ ಸಾಧನಗಳು ಈಗ ಕಲಿಯುವವರಿಗೆ ಬಿಟ್ಟಿಯಾಗಿ ಸಿಗುತ್ತವೆ. ಇನ್ನೇನು ತೊಡಕು ಎಂದು ಕೇಳುವವರು ನಮ್ಮ ಓಣಿಗೆ ಬರಲಿ. ಸ್ವಂತ ಮಗ್ಗವಿದ್ದವರೂ ನೂಲನ್ನು ಉದ್ದರಿ ತಂದು, ಅದೇ ಸಾಹುಕಾರರಿಗೆ ಸೀರೆ ಹಾಕಿ ಬರುವುದುಂಟು. ಆಟದ ಸಂತೆಯಲ್ಲಿ ಸ್ಟೀಮ್ ಅಂಗಡಿ ಮಾರಾಟದ ನೂರಕ್ಕೆ 30ರಷ್ಟು ಹಿಡಿಯುತ್ತದೆ. ಅದಕ್ಕೂ ಮೊದಲು, ಆಟ ಮುಗಿಯುವವರೆಗಿನ ವರ್ಷಗಳಲ್ಲಿ ಉಣ್ಣುವುದೇನು? ಪುಣೆಯ ತಂಡವೊಂದು ನಮ್ಮ ಪುರಾಣಲೋಕವನ್ನೇ ನೆಚ್ಚಿ ‘ರಾಜಿ’ ಕಟ್ಟಲು ಹೊರಟು, 2017ರಲ್ಲಿ ಜನರಿಂದ ಹಣ ಕೂಡಿಸಲು ಹೋಗಿ ಸೋತಿತು. ಆಟ ಹೊರಬಂದದ್ದು 2020ರಲ್ಲಿ. ಅಷ್ಟು ಹಟ ಎಲ್ಲರಿಗೂ ಸಾಧ್ಯವೇ?

ಅನಿಮೇಷನ್ ಮತ್ತು ಗೇಮಿಂಗಿಗೆಂದು ಕರ್ನಾಟಕ 2012ರಲ್ಲೇ ನೀತಿ ತಂದಿತು. 2024ರ ನೀತಿ ಮುಂದಿಟ್ಟ ದೊಡ್ಡ ಅಂಕಿ 30,000 ಉದ್ಯೋಗ. ಉದ್ಯೋಗ ಬೇಡವೆನ್ನಲಾರೆ. ಜೊತೆಗೆ ಹಕ್ಕು ಇಲ್ಲೇ ಉಳಿದ ಆಟಗಳನ್ನೂ ಸರಕಾರ ವರ್ಷವರ್ಷ ಎಣಿಸಲಿ. ಅಂಥ ಆಟಕ್ಕೆ ಕಥೆಯ ಕೊರತೆಯಿಲ್ಲ. ನಮ್ಮ ಸೀಮೆಯ ಕೃಷ್ಣಪಾರಿಜಾತದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಭಾಗವತ ಮಾತಿಗೆಳೆದು, ಪ್ರಶ್ನೆ ಕೇಳಿ, ಕಥೆ ಹೊರಳಿಸುತ್ತಾನೆ. ಆಡುವವನ ಉತ್ತರಕ್ಕೆ ತಕ್ಕಂತೆ ಹೊರಳುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಹಾಸು ಎಲ್ಲಿದೆ? ಅಂಥ ಆಟ ನೇಯಲು ಹೊರಟ ಹುಡುಗಿಯೊಬ್ಬಳಿಗೆ ಎರಡು ವರ್ಷದ ಊಟ-ಬಾಡಿಗೆ ಕೊಟ್ಟು, ಹಕ್ಕನ್ನು ಅವಳ ಹೆಸರಿನಲ್ಲೇ ಬಿಡುವ ಒಂದು ನಿಧಿಯನ್ನು ಸರಕಾರ ಇದೇ ಸೀಮೆಯಲ್ಲಿ ತೆರೆಯಲಿ.