ಕೆಂಪು ನೀರು, ಬಿಳಿಯ ಚಿತ್ರ

ಒಂದು ಪದ್ಯ ಚೆನ್ನಾಗಿದ್ದರೆ ನಾವು ಕವಿಯನ್ನು ಹೊಗಳುತ್ತೇವೆ. ಒಂದು ಛಾಯಾಚಿತ್ರ ಚೆನ್ನಾಗಿದ್ದರೆ ‘ಕ್ಯಾಮೆರಾ ಯಾವುದು?’ ಎಂದು ಕೇಳುತ್ತೇವೆ. ಪದ್ಯ ಓದಿ ಮುಗಿಸಿದವನು ‘ಲೇಖನಿ ಯಾವ ಕಂಪನಿಯದು?’ ಎಂದು ಕೇಳಿದರೆ ನಗೆಪಾಟಲಾದಾನು. ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಸಹಜವೆಂದೇ ನಡೆದು ಬಂದಿದೆ. ಯಂತ್ರ ಮಾಡಿದ್ದಕ್ಕೆ ವಿಮರ್ಶೆ ಏಕೆ ಎಂಬ ಭಾವನೆ ಇದರ ಹಿಂದಿದೆ. ಆದ್ದರಿಂದಲೇ ಹವ್ಯಾಸಿಗಳು ತೆಗೆದ ಚಿತ್ರಗಳ ಬಗ್ಗೆ ನಮ್ಮಲ್ಲಿ ‘ಚೆನ್ನಾಗಿದೆ’ ಎಂಬ ಮಾತಿದೆಯೇ ಹೊರತು, ಏಕೆ ಚೆನ್ನಾಗಿದೆ, ಎಷ್ಟರ ಮಟ್ಟಿಗೆ ನಿಜವಾಗಿದೆ ಎಂಬ ಚರ್ಚೆ ಬಹಳ ವಿರಳ.

ಕಾವ್ಯಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ಎತ್ತಿಕೊಂಡಿದ್ದಾರೆ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಹೇಳಿ, ಇವು ಮೂರು ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣ ಎಂದನು. ಶಕ್ತಿ ಹುಟ್ಟಿನಿಂದ ಬಂದದ್ದು. ನಿಪುಣತೆ ಲೋಕವನ್ನೂ ಶಾಸ್ತ್ರವನ್ನೂ ಕಂಡು ಗಳಿಸಿದ್ದು. ಅಭ್ಯಾಸ ಬಲ್ಲವರಿಂದ ಕಲಿತು ಮತ್ತೆ ಮತ್ತೆ ಮಾಡಿದ್ದು. ಈ ಮೂರರಲ್ಲಿ ಕ್ಯಾಮೆರಾ ಯಾವುದು? ಯಾವುದೂ ಅಲ್ಲ, ಅದರ ಸ್ಥಾನ ಓಲೆಗರಿ ಮತ್ತು ಕಂಠದ ಸಾಲಿನಲ್ಲಿದೆ. ಆದರೆ ಹೊಸ ಕ್ಯಾಮೆರಾ ತಾನೇ ಮೂರೂ ಎಂಬಂತೆ ನಟಿಸುತ್ತದೆ. 1888ರಲ್ಲಿ ಕೊಡಾಕ್ ಕ್ಯಾಮೆರಾ ಬಂದಾಗ ಗುಂಡಿ ಒತ್ತುವುದಷ್ಟೇ ಕೊಂಡವನ ಕೆಲಸವಾಗಿತ್ತು. ಉಳಿದದ್ದನ್ನು ಕಂಪನಿ ನೋಡಿಕೊಳ್ಳುತ್ತಿತ್ತು. ಇಂದಿನ ಕ್ಯಾಮೆರಾ ಬೆಳಕನ್ನು ತಾನೇ ಅಳೆಯುತ್ತದೆ, ದೂರವನ್ನು ತಾನೇ ಹೊಂದಿಸುತ್ತದೆ, ಬಣ್ಣವನ್ನೂ ತಾನೇ ತೀರ್ಮಾನಿಸುತ್ತದೆ. ಕಲಿಯುವವನಿಗೆ ಇದು ವರವೂ ಹೌದು, ಅಡ್ಡಿಯೂ ಹೌದು.

ಈ ಮಾತಿಗೆ ಒಂದು ನಿಮಿತ್ತವಿದೆ. ಗೋಕಾಕದಲ್ಲಿ ಬ್ಯಾಂಕಿನ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಹೊಸ ಕ್ಯಾಮೆರಾ ಕೊಂಡು, ಒಂದು ವರ್ಷ ಬಿಡುವಿನ ದಿನಗಳಲ್ಲೆಲ್ಲ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಸುತ್ತಿದರು. ತೆಗೆದದ್ದು ಸಾವಿರಾರು, ಅವುಗಳಲ್ಲಿ ಅರವತ್ತನ್ನು ಅಚ್ಚು ಹಾಕಿಸಿ ನನ್ನ ಮುಂದೆ ಹರಡಿದರು. ಪ್ರದರ್ಶನಕ್ಕೆ ಹನ್ನೆರಡನ್ನು ಆರಿಸಿಕೊಡಬೇಕೆಂಬುದು ಅವರ ಬೇಡಿಕೆ. ಆರಿಸುವುದೆಂದರೆ ವಿಮರ್ಶೆ ಮಾಡುವುದೇ. ನಾನು ಕ್ಯಾಮೆರಾ ಹಿಡಿದವನಲ್ಲ. ಆದರೆ ನಾಟಕ ಬರೆಯದವನೂ ನಾಟಕ ನೋಡಬಲ್ಲನಷ್ಟೆ!

ಮೊದಲು ಕೈಗೆ ಬಂದದ್ದು, ಹೇಳಬೇಕಾಗಿಯೇ ಇಲ್ಲ, ಗೋಕಾಕ ಜಲಪಾತ. ಕುದುರೆ ಲಾಳದ ಆಕಾರದ ಬಂಡೆಯಿಂದ ಘಟಪ್ರಭೆ ಸುಮಾರು 52 ಮೀಟರು ಕೆಳಗೆ ಧುಮುಕುವ ಈ ಸ್ಥಳ, ಅದರ ಮೇಲಿನ ತೂಗುಸೇತುವೆ, ದಂಡೆಯ ಹಳೆಯ ಗುಡಿಗಳು, ಹತ್ತಿಯ ಗಿರಣಿ, ಇವನ್ನೆಲ್ಲ ಎಷ್ಟು ಜನ ಎಷ್ಟು ಸಲ ತೆಗೆದಿದ್ದಾರೋ ಲೆಕ್ಕವಿಲ್ಲ. ಹಳೆಯ ವಸ್ತುವೇ ಹೊಸಬನ ನಿಜವಾದ ಪರೀಕ್ಷೆ, ಕವಿಗೆ ಚಂದ್ರೋದಯವಿದ್ದಂತೆ.

ಗೆಳೆಯರು ಒಂದೇ ಜಲಪಾತವನ್ನು ಮೂರು ರೀತಿಯಲ್ಲಿ ತೆಗೆದಿದ್ದರು. ಒಂದರಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲು ಬೆಳಕು ಬಿಟ್ಟಿದ್ದಾರೆ. ನೀರು ಗಾಜಿನ ಚೂರಿನಂತೆ ಗಾಳಿಯಲ್ಲಿ ನಿಂತಿದೆ. ಇನ್ನೊಂದರಲ್ಲಿ ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ಲೆನ್ಸಿನ ಮುಂದೆ ಕಪ್ಪು ಫಿಲ್ಟರ್ ಹಾಕಿ ಒಂದು ಸೆಕೆಂಡು ಪೂರ್ತಿ ತೆರೆದಿದ್ದಾರೆ. ನೀರು ರೇಷ್ಮೆಯ ಸೆರಗಾಗಿದೆ. ಮೂರನೆಯದು ಮೂವತ್ತರಲ್ಲೊಂದು ಪಾಲಿನದು. ಇಲ್ಲಿ ತುಸು ಲೆಕ್ಕ ಹಾಕಿದರೆ ರಸಭಂಗವೇನೂ ಆಗದು. ಗಾಳಿಯ ತಡೆಯನ್ನು ಬಿಟ್ಟು ನೋಡಿದರೆ ಅಷ್ಟು ಎತ್ತರದಿಂದ ಬಿದ್ದ ನೀರಿಗೆ ತಳ ಮುಟ್ಟಲು ಮೂರು ಸೆಕೆಂಡಿಗೆ ತುಸು ಹೆಚ್ಚು ಬೇಕು. ತಳದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 32 ಮೀಟರು. ಮೊದಲ ಚಿತ್ರ ತೆರೆದಿದ್ದ ಹೊತ್ತಿನಲ್ಲಿ ಹನಿ ಸರಿದದ್ದು ಮೂರು ಸೆಂಟಿಮೀಟರು. ಮೂರನೆಯದರಲ್ಲಿ ಒಂದು ಮೀಟರು. ರೇಷ್ಮೆಯ ಚಿತ್ರದಲ್ಲಿ ಜಲಪಾತದ ಅರ್ಧಕ್ಕಿಂತ ಹೆಚ್ಚು ಎತ್ತರ. ಈ ಮೂರರಲ್ಲಿ ಯಾವುದು ‘ಇದ್ದದ್ದನ್ನು ಇದ್ದ ಹಾಗೆ’ ತೋರಿಸಿದೆ? ಯಾವುದೂ ಅಲ್ಲ. ಮೂರೂ ನೀರಿನ ಬಗ್ಗೆ ಮೂರು ಅಭಿಪ್ರಾಯಗಳು. ಯಂತ್ರ ಇದ್ದದ್ದನ್ನಷ್ಟೇ ಹಿಡಿಯುತ್ತದೆಂಬ ನಂಬಿಕೆ ಇಲ್ಲಿಗೇ ಕುಸಿಯುತ್ತದೆ. ವಿಮರ್ಶೆಗೆ ಜಾಗವೂ ಇಲ್ಲೇ ತೆರೆಯುತ್ತದೆ.

ನೋಡಿದವರೆಲ್ಲ ಮೆಚ್ಚಿದ್ದು ರೇಷ್ಮೆಯ ಚಿತ್ರವನ್ನೇ. ಅದರಲ್ಲಿ ನೀರು ಹಾಲಿನಂತೆ ಬಿಳುಪಾಗಿದೆ. ಆಗಸ್ಟಿನಲ್ಲಿ ತೆಗೆದದ್ದು ಎಂದರು. ಮಳೆಗಾಲದ ಘಟಪ್ರಭೆಯನ್ನು ಬಲ್ಲವರಿಗೆ ಇಲ್ಲಿ ಸಂಶಯ ಬರದೆ ಇರದು. ಕೇಳಿದಾಗ ಅವರೇ ಹೇಳಿದರು: “ಸರ, ನೀರು ಬೆಳ್ಳಗ ಇರಲಿಲ್ಲರಿ, ಕೆಂಪಗಿತ್ತು. ಕಂಪ್ಯೂಟರಿನಾಗ ಬೆಳ್ಳಗ ಮಾಡೀನಿ. ಜಲಪಾತ ಅಂದ್ರ ಬೆಳ್ಳಗ ಇರಬೇಕಲ್ರಿ?” ಈ ಕೊನೆಯ ಮಾತಿನಲ್ಲಿ ಒಂದು ಇಡೀ ಕಾವ್ಯಸಂಪ್ರದಾಯದ ದೋಷವಿದೆ. ಮುಖವೆಂದರೆ ಚಂದ್ರ, ಕಣ್ಣೆಂದರೆ ಕಮಲ ಎಂದು ಬರೆದ ಕವಿ ಎದುರಿಗಿದ್ದವಳನ್ನು ನೋಡಲಿಲ್ಲ. ಓದಿದ ಪದ್ಯವನ್ನು ನೋಡಿದ. ಘಟಪ್ರಭೆ ಮಳೆಗಾಲದಲ್ಲಿ ಕೆಂಪಾಗುವುದು ಅದು ಮೇಲಿನ ಸೀಮೆಯ ಮಣ್ಣನ್ನು ಹೊತ್ತು ತರುವುದರಿಂದ. ಆ ಬಣ್ಣ ನದಿಯ ಚರಿತ್ರೆ. ಅದನ್ನು ತೊಳೆದರೆ ಉಳಿಯುವುದು ಯಾವ ದೇಶದ್ದೂ ಅಲ್ಲದ ಒಂದು ಜಲಪಾತ, ಕ್ಯಾಲೆಂಡರಿನ ಜಲಪಾತ.

ಹಾಗೆಂದು ಗೆಳೆಯರು ಕಲಿಯಲಿಲ್ಲವೆಂದಲ್ಲ. ಮೂಡಲಗಿಯ ದನಗಳ ಸಂತೆಯ ಚಿತ್ರಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದಾಗ ಅವರ ಕಲಿಕೆಯ ಹಾದಿ ಕಣ್ಣಿಗೆ ಕಟ್ಟಿತು. ಮೊದಲ ಚಿತ್ರಗಳಲ್ಲಿ ಎಮ್ಮೆಗಳು ಬೂದಿ ಬಳಿದುಕೊಂಡಂತಿವೆ. ಕಾರಣ ಸರಳ: ಕ್ಯಾಮೆರಾದ ಮಾಪಕ ಎದುರಿಗಿರುವುದೆಲ್ಲ ಒಟ್ಟಿನಲ್ಲಿ ನಡುವಣ ಬೂದು ಬಣ್ಣದ್ದೆಂದು ಊಹಿಸಿ ಬೆಳಕು ಬಿಡುತ್ತದೆ. ಚೌಕಟ್ಟು ತುಂಬ ಕರಿ ಎಮ್ಮೆ ನಿಂತರೆ ಅದನ್ನು ಬೂದು ಮಾಡುತ್ತದೆ. ಬಿಳಿಯ ಎತ್ತು ನಿಂತರೂ ಬೂದೇ ಮಾಡುತ್ತದೆ. ಎಮ್ಮೆಯನ್ನು ಎಮ್ಮೆಯಾಗಿಸಲು ಮಾಪಕ ಹೇಳಿದ್ದಕ್ಕಿಂತ ಬೆಳಕನ್ನು ಕಡಿಮೆ ಮಾಡಬೇಕು; ಎತ್ತಿಗೆ ಹೆಚ್ಚಿಸಬೇಕು. ನಾಲ್ಕನೆಯ ಸಂತೆಯ ಹೊತ್ತಿಗೆ ಗೆಳೆಯರು ಇದನ್ನು ತಿಳಿದಿದ್ದಾರೆ. ಹಿಂದೆ 36 ಚಿತ್ರಗಳ ಒಂದು ರೀಲು ಮುಗಿಸಿ, ತೊಳೆಸಿ ತರುವವರೆಗೆ ತಪ್ಪು ತಿಳಿಯುತ್ತಿರಲಿಲ್ಲ. ಇಂದು ಪ್ರತಿಯೊಂದು ಚಿತ್ರವೂ ತಾನು ಎಷ್ಟು ಬೆಳಕಿನಲ್ಲಿ, ಎಷ್ಟು ಹೊತ್ತಿನಲ್ಲಿ ಹುಟ್ಟಿತೆಂಬ ಜಾತಕವನ್ನು ಹೊತ್ತುಕೊಂಡೇ ಬರುತ್ತದೆ. ಆ ಜಾತಕವನ್ನು ಓದುವವನಿಗೆ ಹೊಸ ಕ್ಯಾಮೆರಾ ಒಳ್ಳೆಯ ಗುರು, ಓದದವನಿಗೆ ಆಟಿಕೆ.

ಸಂತೆಯ ಚಿತ್ರಗಳಲ್ಲಿ ಇನ್ನೊಂದು ಬದಲಾವಣೆಯೂ ಇದೆ. ಮೊದಲಿನವನ್ನು ದೂರದಿಂದ, ಉದ್ದನೆಯ ಲೆನ್ಸಿನಿಂದ, ಜನರಿಗೆ ತಿಳಿಯದಂತೆ ತೆಗೆದಿದ್ದಾರೆ. ನಂತರದವುಗಳಲ್ಲಿ ಹತ್ತಿರ ನಿಂತಿದ್ದಾರೆ. ಹಗ್ಗ ಹಿಡಿದ ಮುದುಕ ನೇರವಾಗಿ ನಮ್ಮನ್ನು ನೋಡುತ್ತಿದ್ದಾನೆ. ಮಾತಾಡಿಸಿ ತೆಗೆದ ಚಿತ್ರ ಅದು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ಬದುಕನ್ನು ತೆಗೆದ ಚಿತ್ರಗಳಲ್ಲಿ ನಮಗೆ ಹಿಡಿಸುವುದು ಇಂಥ ಸಲುಗೆಯೇ. ಅವರು ತಮ್ಮ ನೆನಪುಗಳ ಪುಸ್ತಕಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟದ್ದು ಅರ್ಥಪೂರ್ಣವಾಗಿದೆ. ಕನ್ನಡಿ ಹಿಡಿಯಬೇಕಾದರೆ ಎದುರಿಗೇ ನಿಲ್ಲಬೇಕು.

ಘಟಪ್ರಭೆಯ ಗುಂಟ ಜಲಪಾತದಿಂದ ಮೇಲಕ್ಕೆ ಹೋದರೆ ಧೂಪದಾಳ. 1897ರಲ್ಲಿ ಮುಗಿದ ಅಲ್ಲಿನ ಒಡ್ಡಿನ ಹಿನ್ನೀರು ಈಗ ಪಕ್ಷಿಧಾಮ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬರುತ್ತವೆ. ಗೆಳೆಯರ ಹಕ್ಕಿಯ ಚಿತ್ರಗಳು ನನಗೆ ಒಪ್ಪಿಗೆಯಾಗಲಿಲ್ಲ. ಹಕ್ಕಿ ಇದೆ, ಹೆಸರು ಹೇಳಬಹುದು. ಆದರೆ ಅದು ಏನು ಮಾಡುತ್ತಿದೆಯೆಂದು ತಿಳಿಯದು. ಪೂರ್ಣಚಂದ್ರ ತೇಜಸ್ವಿಯವರನ್ನು (1938–2007) ಇಲ್ಲಿ ನೆನೆಯಬೇಕು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹವ್ಯಾಸಕ್ಕೆ ಕ್ಯಾಮೆರಾ ಹಿಡಿದ ಅವರು ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’ಯಂಥ ಪುಸ್ತಕಗಳನ್ನು ಕೊಟ್ಟದ್ದು ಲೆನ್ಸಿನ ಬಲದಿಂದಲ್ಲ, ಹಕ್ಕಿಯ ದಿನಚರಿಯನ್ನು ತಿಳಿಯುವ ಹಟದಿಂದ. ಅವರ ಗದ್ಯದ ಕುತೂಹಲವೇ ಅವರ ಚಿತ್ರಗಳಲ್ಲೂ ಇದೆ. ಮಮ್ಮಟನ ನಿಪುಣತೆ ಎಂದರೆ ಇದು: ವಸ್ತುವಿನ ಜ್ಞಾನ.

ಇನ್ನೂ ಮೇಲೆ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ, 1977ರಲ್ಲಿ ಪೂರ್ಣಗೊಂಡ ಅಣೆಕಟ್ಟು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಹಿನ್ನೀರಿನೊಳಗಿಂದ ಹುನ್ನೂರಿನ ವಿಠ್ಠಲ ಮಂದಿರ ಮೇಲೆದ್ದು ನಿಲ್ಲುತ್ತದೆ. ಅದರ ಚಿತ್ರವೊಂದು ಈ ಅರವತ್ತರಲ್ಲಿದೆ: ಬಿರಿದ ಕೆಸರಿನ ಬಯಲು, ನಡುವೆ ಕಲ್ಲಿನ ಗುಡಿ, ಅದರ ಕಡೆಗೆ ನಡೆದು ಹೋಗುತ್ತಿರುವ ಒಂದು ಸಂಸಾರ. ಮುಳುಗಿದ ಊರು, ಬಿಟ್ಟುಹೋದ ಮನೆ, ಯಾವುದೂ ಚಿತ್ರದಲ್ಲಿ ಕಾಣುವುದಿಲ್ಲ, ಎಲ್ಲವೂ ತೋರುತ್ತದೆ. ಆನಂದವರ್ಧನನು ಧ್ವನಿ ಎಂದದ್ದಕ್ಕೆ ತರಗತಿಯಲ್ಲಿ ಉದಾಹರಣೆ ಬೇಕಾದರೆ ನಾನು ಈ ಚಿತ್ರವನ್ನು ತೋರಿಸಬಲ್ಲೆ.

ಹಿಡಕಲ್ಲಿನಿಂದ ಬಿಟ್ಟ ನೀರು ಧೂಪದಾಳ ದಾಟಿ, ಜಲಪಾತದಲ್ಲಿ ಬಿದ್ದು, ಗೋಕಾಕ ಊರನ್ನು ಮುಟ್ಟಿ, ಮೂಡಲಗಿ ತಾಲ್ಲೂಕಿನ ದಂಡೆಯ ಹಳ್ಳಿಗಳ ಕಡೆಗೆ ಹೋಗುತ್ತದೆ. ಗೆಳೆಯರು ಸುತ್ತಿದ ಮೂರು ತಾಲ್ಲೂಕುಗಳೂ ಒಂದೇ ನದಿಯ ಮೂರು ಅಧ್ಯಾಯಗಳು. ಜಲಪಾತ ಅತ್ಯಂತ ಭವ್ಯವಾಗಿ ಕಾಣುವ ದಿನಗಳೇ ಕೆಳಗಿನವರಿಗೆ ಅತ್ಯಂತ ಭಯದ ದಿನಗಳು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಬಂದಾಗ ಲೋಳಸೂರು ಸೇತುವೆ ಮುಳುಗಿತು. ಗೋಕಾಕದ ತಗ್ಗಿನ ಓಣಿಗಳಲ್ಲಿ ನೀರು ಮನೆಯೊಳಗೆ ನಿಂತಿತು. ಈ ಅರವತ್ತರ ಅಡಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಗೆಳೆಯರು ತಾವೇ ಸಂಕೋಚದಿಂದ ಇಟ್ಟಿದ್ದ ಒಂದು ಚಿತ್ರ ಸಿಕ್ಕಿತು. ಓಣಿಯ ಒಂದು ಮನೆಯ ಒಳಗೋಡೆ. ಆಳೆತ್ತರಕ್ಕೆ ಮಣ್ಣಿನ ಕೆಂಪು ಕಲೆ. ಕಲೆಯ ಮೇಲಂಚಿಗೆ ಇದ್ದಿಲಿನಿಂದ ಎಳೆದ ಗೆರೆ, ಪಕ್ಕದಲ್ಲಿ 2019 ಎಂಬ ಅಂಕಿ. ಗೆರೆಯ ಕೆಳಗೆ, ಅದರ ಅರ್ಧಕ್ಕೂ ಬಾರದ ಒಬ್ಬ ಹುಡುಗಿ ಪಾಟಿಚೀಲ ಹಾಕಿಕೊಂಡು ನಿಂತಿದ್ದಾಳೆ. ಬೆಳಕು ಸಾಲದು, ಒಂದು ಮೂಲೆ ಕತ್ತಲಾಗಿದೆ. “ಇದು ಪ್ರದರ್ಶನದ್ದಲ್ರಿ ಸರ, ಸುಮ್ನ ತಗದದ್ದು” ಎಂದರು.

ನನ್ನ ಮಟ್ಟಿಗೆ ವರ್ಷದ ಶ್ರಮಕ್ಕೆ ಫಲವೆಂದರೆ ಈ ಚಿತ್ರ. ಗೋಡೆಯ ಮೇಲಿನ ಆ ಕೆಂಪೂ ಗೆಳೆಯರು ಕಂಪ್ಯೂಟರಿನಲ್ಲಿ ತೊಳೆದ ಕೆಂಪೂ ಒಂದೇ. ಅದನ್ನು ಜಲಪಾತದಲ್ಲಿ ಅಳಿಸಿದವರು ಗೋಡೆಯಲ್ಲಿ ಉಳಿಸಿದ್ದಾರೆ. ಯಾವುದು ಸೌಂದರ್ಯ, ಯಾವುದು ‘ಸುಮ್ಮನೆ’ ಎಂಬ ವಿಂಗಡಣೆ ಅವರಿಗೆ ಅರಿವಿಲ್ಲದೆಯೇ ನಡೆದುಹೋಗಿದೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದದ್ದು ಇಂಥ ಸಂದರ್ಭಕ್ಕೂ ಒಪ್ಪುತ್ತದೆ. ರೇಷ್ಮೆ ಕೆಟ್ಟದ್ದೆಂದಲ್ಲ, ಬೇಸಿಗೆಯ ಆರಂಭದಲ್ಲಿ, ನೀರು ನಾಲ್ಕೆಳೆಯಾಗಿ ಇಳಿಯುವಾಗ, ಆ ರೀತಿ ಒಪ್ಪೀತು. ಆಗಸ್ಟಿನ ಘಟಪ್ರಭೆಗೆ ಸೆರಗು ಹೊದಿಸುವುದು ರೌದ್ರಕ್ಕೆ ಶೃಂಗಾರದ ವೇಷ ಹಾಕಿದಂತೆ.

ಆದ್ದರಿಂದ ಹನ್ನೆರಡರಲ್ಲಿ ಬಿಳಿಯ ಜಲಪಾತವನ್ನು ನಾನು ಸೇರಿಸಲಿಲ್ಲ. ಮೂವತ್ತರಲ್ಲೊಂದು ಸೆಕೆಂಡಿನ ಚಿತ್ರವನ್ನು, ಬಣ್ಣವನ್ನು ಮುಟ್ಟದೆ, ಹೊಸದಾಗಿ ಅಚ್ಚು ಹಾಕಿಸಿ ಗೋಡೆಯ ಚಿತ್ರದ ಪಕ್ಕದಲ್ಲೇ ತೂಗುಹಾಕಬೇಕೆಂದು ಹೇಳಿದೆ. ಅವರು ತಕ್ಷಣ ಒಪ್ಪಲಿಲ್ಲ. ಜನ ಕೇಳುವುದು ಬಿಳಿಯದನ್ನೇ ಎಂದರು. ಅವರ ಮಾತು ನಿಜ. ಆದರೆ ಜನ ಕೇಳುವುದು ತಾವು ಆಗಲೇ ಕಂಡಿರುವುದನ್ನು. ಹವ್ಯಾಸಿಗೆ ಇರುವ ಒಂದೇ ಐಶ್ವರ್ಯವೆಂದರೆ ಅದನ್ನು ಕೊಡಲೇಬೇಕೆಂಬ ಕಟ್ಟು ಇಲ್ಲದಿರುವುದು. ಸಂಬಳಕ್ಕೆ ಚಿತ್ರ ತೆಗೆಯುವವನಿಗೆ ಇಲ್ಲದ ಆ ಬಿಡುಗಡೆಯನ್ನು ನಮ್ಮ ಹವ್ಯಾಸಿಗಳು ಬಳಸಿಕೊಂಡರೆ ಈ ಸೀಮೆಯ ನದಿ, ಸಂತೆ, ಹಿನ್ನೀರುಗಳ ನಿಜವಾದ ಬಣ್ಣ ಮುಂದಿನವರಿಗೆ ಉಳಿದೀತು. ಕ್ಯಾಮೆರಾ ಯಾವುದೇ ಇದ್ದರೂ ಅಡ್ಡಿಯಿಲ್ಲ.