ಆಕ್ಸೆಂಡೆನ್ ಗೋರಿಯ ಜಮಾ–ಖರ್ಚು

ಗೋರಿ ನೋಡುವ ಚಟ ಹತ್ತಿದವರು ಗುಜರಾತಿಗೆ ಹೋದರೆ ಬೇಗ ಹಿಂದಿರುಗುವುದಿಲ್ಲ. ಅಹಮದಾಬಾದಿನಲ್ಲಿ ಸರಖೇಜ್ ರೋಜಾ ಇದೆ. ಕಾಂಕರಿಯಾ ಕೆರೆಯ ಬಳಿ ಡಚ್ಚರ ಸಣ್ಣ ಗುಮ್ಮಟಗಳಿವೆ. ವಡೋದರಾದಲ್ಲಿ ಗಾಯಕವಾಡರ ಸ್ಮಾರಕವಾದ ಕೀರ್ತಿ ಮಂದಿರಕ್ಕೆ ನಂದಲಾಲ್ ಬೋಸರ ಭಿತ್ತಿಚಿತ್ರಗಳಿಗಾಗಿ ಹೋಗಬೇಕು, ಕಟ್ಟಡಕ್ಕಾಗಿ ಅಲ್ಲ. ಗಾಯಕವಾಡರ ಅಭಿಮಾನಿಗಳು ಕ್ಷಮಿಸಲಿ. ಆದರೆ ಒಂದೇ ಒಂದು ಗೋರಿಗೆ ಪುರಸೊತ್ತಿರುವ ಕನ್ನಡಿಗರು ಸೂರತ್ತಿನ ಕತಾರ್‌ಗಾಮ್ ದರವಾಜದ ಬಳಿಯ ಹಳೆಯ ಇಂಗ್ಲಿಷ್ ಸ್ಮಶಾನಕ್ಕೆ ಹೋಗಲಿ. ಅಲ್ಲಿರುವ ಸರ್ ಜಾರ್ಜ್ ಆಕ್ಸೆಂಡೆನ್‌ನ ಲೆಕ್ಕದ ಅರ್ಧ ಪುಟ ಕಾರವಾರ, ಹುಬ್ಬಳ್ಳಿಗಳಲ್ಲಿದೆ.

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಡೀನ್ ಎಂಬಲ್ಲಿ ಆಕ್ಸೆಂಡೆನ್ನರದು ಹಳೆಯ ಭೂಮಾಲೀಕ ಮನೆತನ. ಇಂಗ್ಲೆಂಡಿನ ಇಂಥ ಮನೆತನಗಳಲ್ಲಿ ಆಸ್ತಿಯ ಬಹುಪಾಲು ಹಿರಿಮಗನಿಗೆ. ಕಿರಿಯರಿಗೆ ಸೈನ್ಯ, ಚರ್ಚು, ಇಲ್ಲವೇ ಸಮುದ್ರದಾಚೆಯ ವ್ಯಾಪಾರ. 1620ರಲ್ಲಿ ಹುಟ್ಟಿದ ಜಾರ್ಜ್, ಅವನ ಸೋದರ ಕ್ರಿಸ್ಟೋಫರ್ ಇಬ್ಬರೂ ಈಸ್ಟ್ ಇಂಡಿಯಾ ಕಂಪನಿಯ ಚಾಕರಿ ಹಿಡಿದು ಸೂರತ್ತಿಗೆ ಬಂದರು. ಕ್ರಿಸ್ಟೋಫರ್ 1659ರಲ್ಲಿ ಇಲ್ಲೇ ಸತ್ತ. ಜಾರ್ಜ್ ರಾಜನಿಂದ ನೈಟ್ ಪದವಿ ಪಡೆದು, 1662ರಲ್ಲಿ ಸೂರತ್ ಕೋಠಿಯ, ಅಂದರೆ ಕಂಪನಿಯ ವ್ಯಾಪಾರ ಕೇಂದ್ರದ, ಪ್ರೆಸಿಡೆಂಟನಾದ. ಸೋದರಿಯ ಮಗ ಸ್ಟ್ರೇನ್‌ಶಾಮ್ ಮಾಸ್ಟರ್‌ನನ್ನೂ ಕೆಲಸಕ್ಕೆ ಹಚ್ಚಿದ. ನೆಂಟರಿಷ್ಟರನ್ನು ನೌಕರಿಗೆ ಸೇರಿಸುವ ವಿದ್ಯೆ ನಮ್ಮವರದಷ್ಟೇ ಅಲ್ಲ. ಪಶ್ಚಿಮ ಕರಾವಳಿಯ ಕೋಠಿಗಳೆಲ್ಲ ಆಗ ಸೂರತ್ತಿನ ಅಧೀನ, ಕಾರವಾರದ್ದೂ ಅದರಲ್ಲೊಂದು.

1664ರ ಜನವರಿಯಲ್ಲಿ ಶಿವಾಜಿಯ ಕುದುರೆಗಳು ಸೂರತ್ತಿನ ಹೊರವಲಯದಲ್ಲಿ ಕಾಣಿಸಿಕೊಂಡವು. ಮೊಗಲರ ಅಧಿಕಾರಿ ಇನಾಯತ್ ಖಾನ್ ಊರನ್ನು ಅದರ ಪಾಡಿಗೆ ಬಿಟ್ಟು ಕೋಟೆಯೊಳಗೆ ಸೇರಿ ಬಾಗಿಲು ಹಾಕಿಕೊಂಡ. ಆಕ್ಸೆಂಡೆನ್ ಹಾಗೆ ಮಾಡಲಿಲ್ಲ. ಸೂರತ್ತಿನ ಬಂದರಾದ ಸುವಾಲಿಯಲ್ಲಿ ನಿಂತಿದ್ದ ಹಡಗುಗಳಿಂದ ನಾವಿಕರನ್ನೂ ತೋಪುಗಳನ್ನೂ ತರಿಸಿದ. ಸುಮಾರು 200 ಜನರನ್ನು ಸಾಲುಗಟ್ಟಿಸಿ, ನಗಾರಿ ಕಹಳೆಗಳೊಂದಿಗೆ ಪೇಟೆಯ ನಡುವೆ ಮೆರವಣಿಗೆ ಹೊರಡಿಸಿದ. ನಾವಿಲ್ಲೇ ಇದ್ದೇವೆ, ಹೆದರಿಲ್ಲ ಎಂದು ಊರಿಗೂ ದಾಳಿಕಾರರಿಗೂ ಒಟ್ಟಿಗೇ ತಿಳಿಸಿದ ನಾಟಕ ಅದು. ಊರಿನ ಭಾರಿ ಸಾಹುಕಾರ ವೀರ್ಜಿ ವೋರಾನ ಮನೆ ಸುಟ್ಟುಹೋಯಿತು. ಇಂಗ್ಲಿಷ್ ಕೋಠಿ ಉಳಿಯಿತು. ಶಿವಾಜಿ ಹೊರಟುಹೋದ ಮೇಲೆ, ಇಂಥ ಸಂದರ್ಭಗಳಲ್ಲಿ ಸರ್ಕಾರಿ ಸೈನ್ಯ ಬರುವಂತೆಯೇ ಮೊಗಲರ ಸೈನ್ಯ ಬಂತು.

ಮುಂದಿನ ಘಟನೆ ನನಗೆ ಕಾಳಗಕ್ಕಿಂತ ರುಚಿಸುತ್ತದೆ. ಮೊಗಲ್ ಅಧಿಕಾರಿ ಆಕ್ಸೆಂಡೆನ್‌ಗೆ ಖಿಲ್ಲತ್ತೆಂಬ ಗೌರವದ ನಿಲುವಂಗಿ, ಕುದುರೆ, ಖಡ್ಗ ಕೊಡಲು ಮುಂದಾದ. ಅವು ಸೈನಿಕರಿಗೆ ಒಪ್ಪುವ ಉಡುಗೊರೆಗಳು, ತಾವು ವ್ಯಾಪಾರಿಗಳು, ವ್ಯಾಪಾರದಲ್ಲಿ ಏನಾದರೂ ಅನುಕೂಲ ಮಾಡಿಕೊಟ್ಟರೆ ಸಾಕು ಎಂದು ಈತ ಬೇಡವೆಂದ. ಔರಂಗಜೇಬ ಸೂರತ್ತಿನ ವರ್ತಕರಿಗೆಲ್ಲ ಒಂದು ವರ್ಷದ ಸುಂಕ ಮಾಫಿ ಮಾಡಿದ. ಇಂಗ್ಲಿಷರಿಗೆ ಸುಂಕದ ದರದಲ್ಲೂ ಶೇಕಡಾ ಅರ್ಧದಷ್ಟು ಇಳಿಯಿತು. ಕುದುರೆ ಹತ್ತು ವರ್ಷ ಬಾಳೀತು, ಸುಂಕದ ರಿಯಾಯಿತಿ ಹಡಗು ಬಂದಾಗಲೆಲ್ಲ ಲಾಭ ತಂದೀತು. ಕಂಪನಿ ಅವನಿಗೊಂದು ಚಿನ್ನದ ಪದಕ ಕೊಟ್ಟಿತು. 1668ರಲ್ಲಿ ಇಂಗ್ಲೆಂಡಿನ ರಾಜ ಬೊಂಬಾಯಿ ದ್ವೀಪವನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಬಿಟ್ಟುಕೊಟ್ಟಾಗ ಅದರ ಆಡಳಿತವೂ ಆಕ್ಸೆಂಡೆನ್‌ನ ಹೆಗಲಿಗೇ ಬಿತ್ತು. ಮರುವರ್ಷ ಜುಲೈ 14ರಂದು ಅವನು ಸೂರತ್ತಿನಲ್ಲಿ ತೀರಿಕೊಂಡ.

ಇದಿಷ್ಟು ಗೋರಿ ಹೊಗಳುವ ಆಕ್ಸೆಂಡೆನ್. ಇನ್ನೊಂದು ಪುಟಕ್ಕೆ ಬರುತ್ತೇನೆ. ಸೂರತ್ತಿನ ದಾಳಿಯಾಗಿ ವರ್ಷ ಕಳೆದ ಮೇಲೆ, 1665ರ ಫೆಬ್ರವರಿಯಲ್ಲಿ, ಶಿವಾಜಿ ಹಡಗು ಹತ್ತಿ ನಮ್ಮ ಬಸರೂರಿಗೇ ಬಂದ. ಬಸರೂರನ್ನು ದೋಚಿ, ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ, ಅಂಕೋಲೆಯ ಹಾದಿಯಾಗಿ ಕಾರವಾರದ ಬುಡಕ್ಕೆ ಬಂದು ನಿಂತ. ಅಲ್ಲಿ ಬಿಜಾಪುರದ ಸರದಾರ ಶೇರ್ ಖಾನ್ ಇದ್ದ, ಇಂಗ್ಲಿಷ್ ಕೋಠಿಯಿತ್ತು, ಸೂರತ್ತಿನಂತೆ ತೋಪುಗಳ ಸಾಲು ಮಾತ್ರ ಇರಲಿಲ್ಲ. ಊರಿನ ವರ್ತಕರು ಚಂದಾ ಎತ್ತಿ ಶಿವಾಜಿಗೆ ಒಪ್ಪಿಸಿದರು. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡ್. ಪ್ರೆಸಿಡೆಂಟ್ ಅದೇ ಆಕ್ಸೆಂಡೆನ್, ಕಂಪನಿ ಅದೇ, ಎದುರಾಳಿಯೂ ಅದೇ ಶಿವಾಜಿ. ಸೂರತ್ತಿನಲ್ಲಿ ನಗಾರಿ, ಕಾರವಾರದಲ್ಲಿ ಹಣದ ಚೀಲ. ಇದನ್ನು ಹೇಡಿತನ ಎಂದು ನಾನು ಕರೆಯುವುದಿಲ್ಲ. ಹಡಗು ಹತ್ತಿರವಿದ್ದಾಗ ಧೈರ್ಯ ಅಗ್ಗ, ದೂರವಿದ್ದಾಗ ದುಬಾರಿ ಎಂಬುದನ್ನು ಕಂಪನಿಯವರು ಸರಿಯಾಗಿಯೇ ಲೆಕ್ಕ ಹಾಕಿದ್ದರು.

ಮನೆತನದ ರಾಯಭಾರಿಯೆಂದರೆ ಹೆನ್ರಿ ಆಕ್ಸೆಂಡೆನ್. 1674ರ ಜೂನ್‌ನಲ್ಲಿ ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕವಾದಾಗ ಕಂಪನಿ ಕಳಿಸಿದ್ದು ಇವನನ್ನು. ಕಾಣಿಕೆಗೆ ವಜ್ರದ ಉಂಗುರ ಒಯ್ದಿದ್ದ. ಸಿಂಹಾಸನದ ಪಕ್ಕದಲ್ಲಿ ಕಂಡ ಚಿನ್ನದ ಮೀನಿನ ತಲೆ, ಕುದುರೆ ಬಾಲಗಳು, ನ್ಯಾಯದ ಗುರುತಾದ ಚಿನ್ನದ ತಕ್ಕಡಿ ಇವನ್ನೆಲ್ಲ ಬರೆದಿಟ್ಟ. ಅವನ ತಂಡ ದಿನವೂ ಮಾಂಸ ತಿನ್ನುತ್ತಿತ್ತು. ತನ್ನಿಂದ ಇಷ್ಟು ಮಾಂಸ ಕೊಳ್ಳುವವರು ಯಾರಪ್ಪ ಎಂದು ನೋಡಲು ಮುದುಕ ಕಟುಕನೊಬ್ಬ ಅಷ್ಟು ಕಡಿದಾದ ಬೆಟ್ಟ ಹತ್ತಿ ಬಂದನಂತೆ. ಇತಿಹಾಸದ ಪಠ್ಯಗಳು ಈ ಕಟುಕನನ್ನು ಬಿಟ್ಟು ತಕ್ಕಡಿಯನ್ನಷ್ಟೇ ಇಟ್ಟುಕೊಂಡಿವೆ.

ಹೆನ್ರಿಯ ನಿಜವಾದ ಕೆಲಸ ಶಿವಾಜಿಯಿಂದ ಬಾಕಿ ವಸೂಲಿ. ಮರಾಠರು ದೋಚಿದ್ದ ರಾಜಾಪುರದ ಕೋಠಿಯ ನಷ್ಟಕ್ಕೆ 10,000 ಹೊನ್ನು ಕೊಡುವುದೆಂದು ಒಪ್ಪಂದವಾಯಿತು. 1673ರಲ್ಲಿ ಮರಾಠರು ಹುಬ್ಬಳ್ಳಿಯನ್ನು ಕೊಳ್ಳೆ ಹೊಡೆದಾಗ ಅಲ್ಲಿದ್ದ ಇಂಗ್ಲಿಷರ ಸರಕೂ ಹೋಗಿತ್ತಲ್ಲ, ಅದರ ಹಣ? ಇಂಗ್ಲಿಷರಿಗೆ ತೊಂದರೆ ಕೊಡಿ ಎಂದು ತಾನು ಅಪ್ಪಣೆ ಮಾಡಿಲ್ಲ ಎಂಬುದು ಶಿವಾಜಿಯ ಕಡೆಯ ಉತ್ತರ. ಒಳನಾಡಿನ ಬಟ್ಟೆ ಹುಬ್ಬಳ್ಳಿ ಪೇಟೆಯಿಂದ ಘಟ್ಟ ಇಳಿದು ಕಾರವಾರದ ಹಡಗು ಸೇರುತ್ತಿದ್ದ ಕಾಲ ಅದು. ಹುಬ್ಬಳ್ಳಿಯ ಆ ಬಾಕಿ ಕಂಪನಿಯ ಪತ್ರಗಳಲ್ಲಿ ಎಷ್ಟೋ ಕಾಲ ಅಲೆದಾಡಿತು.

ಈಗ ಜಾರ್ಜ್‌ನ ಗೋರಿ. ಎರಡು ಅಂತಸ್ತು, 40 ಅಡಿ ಎತ್ತರ, 25 ಅಡಿ ಅಡ್ಡಳತೆ, ದಪ್ಪ ಕಂಬಗಳು, ಒಂದರ ಮೇಲೊಂದು ಗುಮ್ಮಟ, ಮೇಲಕ್ಕೆ ಮೆಟ್ಟಿಲು. ಶಿಲುಬೆಯ ಆಕಾರವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಗುಜರಾತಿನ ಸುಲ್ತಾನರ ಶೈಲಿ. ಖಿಲ್ಲತ್ತು ಬೇಡವೆಂದವನಿಗೆ ಸತ್ತ ಮೇಲೆ ಕಲ್ಲಿನ ಖಿಲ್ಲತ್ತು ಹೊದಿಸಿದ್ದಾರೆ. ಇದಕ್ಕೆ ಪೈಪೋಟಿಯಾಗಿ ಡಚ್ಚರು ತಮ್ಮ ಸ್ಮಶಾನದಲ್ಲಿ ವಾನ್ ರೀಡ್‌ನಿಗೆ ಇನ್ನೂ ದೊಡ್ಡದನ್ನು ಕಟ್ಟಿದರೆಂಬ ಮಾತಿದೆ. 1691ರಲ್ಲಿ ಸೂರತ್ತಿಗೆ ಬರುವ ಹಾದಿಯಲ್ಲಿ ಹಡಗಿನಲ್ಲೇ ಸತ್ತ ಈತ ಹೋರ್ಟಸ್ ಮಲಬಾರಿಕಸ್ ಎಂಬ 12 ಸಂಪುಟಗಳ ಗ್ರಂಥ ಮಾಡಿಸಿದವನು. ಅದಕ್ಕೆ ನೆರವಾದವರಲ್ಲಿ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರು. ಗಾತ್ರವೊಂದೇ ಅಳತೆಗೋಲಾದರೆ ಡಚ್ಚರದೇ ಗೆಲುವು.

ನನ್ನ ಮತ ಮಾತ್ರ ಕ್ರಿಸ್ಟೋಫರ್‌ನ ಗೋರಿಗೆ. ಅಣ್ಣತಮ್ಮಂದಿರಿಬ್ಬರ ಗೋರಿಗಳೂ ಒಂದೇ ಕಟ್ಟಡದ ಆಸರೆಯಲ್ಲಿವೆ. ಇವನದು ತಗ್ಗಾದದ್ದು, ಮೊದಲಿನದು. ಅದರ ಲ್ಯಾಟಿನ್ ಬರಹ ಬದುಕನ್ನು ಲೆಕ್ಕದ ಪುಸ್ತಕವಾಗಿ ತೆರೆದಿಡುತ್ತದೆ: ವರ್ಷಗಳನ್ನಲ್ಲ, ಬರೀ ದಿನಗಳನ್ನು ಜಮಾ ಮಾಡಿಕೊಂಡವನು, ಸಾವು ಥಟ್ಟನೆ ಲೆಕ್ಕ ಕೇಳಿತು, ಧಣಿಗಳಿಗೆ ನಷ್ಟವೆಷ್ಟು, ಗೆಳೆಯರಿಗೆಷ್ಟು ಎಂದು. ಬಿಜಾಪುರದಿಂದ ಶ್ರೀರಂಗಪಟ್ಟಣದವರೆಗೆ ನಾನು ನೋಡಿದ ಗೋರಿಗಳಲ್ಲಿ ಸತ್ತವನ ಕಸುಬನ್ನು ಇಷ್ಟು ನಾಚಿಕೆಯಿಲ್ಲದೆ ಹೇಳಿದ್ದು ಇನ್ನೊಂದಿಲ್ಲ.

ಸೀರೆ ಖರೀದಿಗೆ ಸೂರತ್ತಿಗೆ ಹೋಗುವ ಹುಬ್ಬಳ್ಳಿ, ಗದಗ, ದಾವಣಗೆರೆಯ ವರ್ತಕರು ಒಂದು ಬೆಳಿಗ್ಗೆ ಇದಕ್ಕೆ ಬಿಡಲಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಲ್ಯಾಟಿನ್ ಬರಹದ ಅನುವಾದವನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಮೊದಲು ಕ್ರಿಸ್ಟೋಫರ್‌ನದನ್ನು ಓದಿ. ಮೆಟ್ಟಿಲು ಹತ್ತುವುದು ಆಮೇಲೆ.