ಚುಕ್ಕೆಗಳ ಹಿಂದಿನ ಪಾಠ

ಜನಪದ ಹಾಡುಗಳ ಸಂಪಾದನೆಯಲ್ಲಿ ‘ಅಶ್ಲೀಲ’ವೆಂದು ಕೈಬಿಟ್ಟ ಭಾಗಗಳ ಶೋಧ ಗಂಭೀರ ಸಂಶೋಧನೆಯ ವಿಷಯವೇ ಆಗಿದೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ (1931) ಕನ್ನಡ ಜಾನಪದಕ್ಕೆ ಬುನಾದಿ ಹಾಕಿತೆಂಬುದು ನಿರ್ವಿವಾದ. ಆದರೆ ಅನಂತರದ ಸಂಗ್ರಾಹಕರಲ್ಲಿ ಹಲವರಿಗೆ ‘ಗರತಿ’ ಎಂಬ ಪದವೇ ಜರಡಿಯಾಯಿತು. ಕಾಮನ ಹಬ್ಬದ ಬೈಗುಳದ ಪದಗಳು ಅದರಲ್ಲಿ ಸೋಸಿಹೋದವು.

ಕೊಪ್ಪಳ ಸೀಮೆಯ ತೊಗಲುಗೊಂಬೆಯಾಟವನ್ನು ಗಮನಿಸಬಹುದು. ಈ ಪರಂಪರೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿದೆ. ರಾಮಾಯಣ, ಮಹಾಭಾರತದ ಪ್ರಸಂಗಗಳ ನಡುವೆ ಪರದೆಗೆ ಬರುವ ಕಿಳ್ಳೇಕ್ಯಾತ, ಬಂಗಾರಕ್ಕರ ಪೋಲಿ ಪದಗಳನ್ನು ವಿದ್ವಾಂಸರು ಬರಿಯ ಹಾಸ್ಯವೆಂದು ಬದಿಗಿರಿಸುವುದುಂಟು. ಇದು ಸರಿಯಲ್ಲ. ಮಳೆ ಬಾರದಿದ್ದಾಗ ಊರವರು ಈ ಆಟ ಆಡಿಸುತ್ತಿದ್ದರು. ತುಂಗಭದ್ರೆಯ ಕಾಲುವೆ ಕಂಡ ಗಂಗಾವತಿಗಿಂತ ಮುಗಿಲನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಎರೆ, ಮಸಾರಿ ಹೊಲಗಳಿಗೆ ಇದರ ಅರ್ಥ ಹೆಚ್ಚು ತಿಳಿದೀತು. ಗಂಡುಹೆಣ್ಣಿನ ಕೂಟದ ಮಾತು ಅಲ್ಲಿ ಫಲವಂತಿಕೆಯ ಮಾತು. ಇರುಳಿಡೀ ನಡೆಯುವ ಆಟವನ್ನು ನಗರದ ವೇದಿಕೆಗಾಗಿ ಒಂದು ಗಂಟೆಗೆ ಇಳಿಸುವಾಗ ಮೊದಲು ಕತ್ತರಿಗೆ ಸಿಗುವುದು ಇದೇ ಭಾಗ.

ನಾನೂ ನಿರಪರಾಧಿಯಲ್ಲ. ಪಿಎಚ್.ಡಿ. ಪ್ರಬಂಧದಲ್ಲಿ ಇಂಥ ಪದಗಳ ಜಾಗದಲ್ಲಿ ಚುಕ್ಕೆಗಳನ್ನಿಟ್ಟೆ. ಈಗ ಮೂಲ ಧ್ವನಿಸುರುಳಿ ಕೇಳಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ: ಟೇಪ್ ರೆಕಾರ್ಡರ್ ಕಂಡೊಡನೆ ಕಲಾವಿದೆ ತಾನೇ ಪದ ಬದಲಿಸಿದ್ದಾಳೆ! ಹಾಗಾಗಿ ಸುರುಳಿಯಲ್ಲಿರುವುದೂ ಕತ್ತರಿಸದ ಪಾಠವಲ್ಲ. ಪ್ರತಿ ಊರು, ಪ್ರತಿ ಇರುಳಿಗೆ ಪದ ಬದಲಾಗುವ ಈ ಆಟದಲ್ಲಿ ಏಕೈಕ ಮೂಲಪಾಠ ಹುಡುಕುವುದೂ ವ್ಯರ್ಥ. ಎಲ್ಲಿ, ಯಾವಾಗ, ಯಾರ ಎದುರು ಹಾಡಿದ್ದೆಂಬ ವಿವರದೊಡನೆ ಪಾಠಾಂತರಗಳನ್ನೆಲ್ಲ ಚುಕ್ಕೆಯಿಲ್ಲದೆ, ಹಾಡಿದವರ ಒಪ್ಪಿಗೆ ಪಡೆದು ದಾಖಲಿಸಬೇಕು.